ಬಾಯೊಣಗಿನ ಯಂತ್ರವೂ ಶಿವಾಲದ ಅಜ್ಜಿಯರೂ

ನಾನು ಲೆಕ್ಕವಿಟ್ಟು ಬದುಕುವವನು. ಸೈಕಲ್ಲಿನ ಚೈನು ವಾರಕ್ಕೆ ಎಷ್ಟು ಸಲ ಕಳಚಿತು, ಕರೆಂಟು ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬಂತು, ಮೆಸ್ಸಿನ ದಾಲ್‌ನಲ್ಲಿ ಬೇಳೆ ಕಣ್ಣಿಗೆ ಬಿದ್ದ ದಿನಗಳೆಷ್ಟು, ಎಲ್ಲಕ್ಕೂ ನನ್ನ ಡೈರಿಯಲ್ಲಿ ತಾರೀಖಿನ ಸಮೇತ ದಾಖಲೆಯಿದೆ. ಆದ್ದರಿಂದ, ಕಾಶಿಯಲ್ಲಿ ದಂತವೈದ್ಯದ ಸ್ನಾತಕೋತ್ತರ ಓದುತ್ತಿದ್ದ ನನ್ನನ್ನು ನನ್ನ ಗೈಡ್ ತ್ರಿಪಾಠಿ ಸರ್ ಒಂದು ಬೆಳಿಗ್ಗೆ ಕರೆದು, "ಶ್ರೀನಿವಾಸ್, ಈ ಕೆಲಸಕ್ಕೆ ನೀನೇ ಸರಿ" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯಗಳೆಲ್ಲ ಆಮೇಲೆ ಬಂದವು. ಸಾಲುಗಟ್ಟಿ ಬಂದವು!

ಅವರ ಮೇಜಿನ ಮೇಲೆ ತಿಂಡಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದಿತ್ತು. ಅದರ ಮುಖದ ಮೇಲೆ ಸೊನ್ನೆಯಿಂದ ನೂರರವರೆಗೆ ಅಂಕಗಳು, ಒಂದು ಸೂಜಿ. ಬದಿಯಿಂದ ಹೊರಟ ವೈರಿನ ತುದಿಯಲ್ಲಿ ಪೆನ್ನಿನಂಥ ಕಡ್ಡಿ, ಕಡ್ಡಿಗೆ ಕಳಚಿ ಬದಲಿಸಬಹುದಾದ ಮೂತಿ, ಮೂತಿಗೆ ಎರಡು ಬೆಳ್ಳಿಯ ಬಿಂದುಗಳು.

"ಎಂಜಿನಿಯರಿಂಗ್ ವಿಭಾಗದ ನನ್ನ ಗೆಳೆಯ ಮಾಡಿದ್ದು," ಎಂದರು ಸರ್. "ನಾಲಿಗೆಯ ಮೇಲಿಟ್ಟರೆ ಬಾಯಿ ಎಷ್ಟು ಒಣಗಿದೆ ಅಂತ ಹೇಳುತ್ತೆ. ಒದ್ದೆ ಇದ್ದಷ್ಟೂ ಅಂಕ ಹೆಚ್ಚು, ಒಣಗಿದಷ್ಟೂ ಕಡಿಮೆ. ಆದರೆ ಇದರ ಮಾತನ್ನು ನಂಬಬಹುದೋ ಇಲ್ಲವೋ? ಅದನ್ನು ನೀನು ಹೇಳಬೇಕು."

"ಹೇಗೆ ಸರ್?"

"ಅದೇ ಬಾಯಿಯನ್ನು ಮತ್ತೆ ಮತ್ತೆ ಅಳೆ. ಅಂಕ ಹೊಂದಿದರೆ ನಂಬಬಹುದು. ಹೊಂದದಿದ್ದರೆ ಯಾಕೆ ಅಂತ ಕಂಡುಹಿಡಿ. ಅದೇ ನಿನ್ನ ಪ್ರಬಂಧ. ತೀರ್ಪು ಸರಿಯಾದರೆ ಈ ವರ್ಷವೇ ಡಿಗ್ರಿ. ತಪ್ಪಾದರೆ..." ಸರ್ ಕಿಟಕಿಯಾಚೆ ನೋಡಿದರು. "ಇನ್ನೊಂದು ವರ್ಷ ಗಂಗಾಸ್ನಾನ ಮಾಡುತ್ತಿರು."

ಊರಲ್ಲಿ ಅಪ್ಪ ಅದಾಗಲೇ ಒಂದು ಹೆಣ್ಣಿನ ಜಾತಕ ತರಿಸಿಟ್ಟುಕೊಂಡು, ನನ್ನ ಡಿಗ್ರಿಗಾಗಿ ಕಾಯುತ್ತ ಕುಳಿತಿದ್ದರು. ಇನ್ನೊಂದು ವರ್ಷ ಅವರು ಕಾದಾರು. ಜಾತಕ ಕಾಯುತ್ತದೆಯೇ?

ಆ ದಿನ ಡೈರಿಯಲ್ಲಿ ಬರೆದೆ: "ಸುಲಭದ ಕೆಲಸ. ಬೇಗ ಮುಗಿಯುತ್ತದೆ."

ಮೊದಲ ಬಾಯಿಗಾಗಿ ನಾನು ದೂರ ಹೋಗಬೇಕಾಗಿರಲಿಲ್ಲ. ಕಾಶಿಯ ಲಂಕಾ ಎಂಬ ಬಡಾವಣೆಯ ಹತ್ತಿರದ ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಕೋಣೆಯ ಪಾಂಡೆ ಮಂಚದ ಮೇಲೆ ಬಿದ್ದುಕೊಂಡಿದ್ದ. ಬಾಯಿ ತೆರೆ ಎಂದೆ, ತೆರೆದ. ಕಡ್ಡಿ ತಾಗಿಸಿದೆನೋ ಇಲ್ಲವೋ, ಸೂಜಿ ಅತ್ತ ತುದಿಗೆ ಓಡಿ ಟಕ್ ಎಂದು ಬಡಿದು ಅಲ್ಲೇ ನಿಂತಿತು. ಹೊರಗೆ ತೆಗೆದರೆ ಕಡ್ಡಿ ಪೂರಾ ಕೆಂಪು! ರಕ್ತ! ವೈದ್ಯವಿಜ್ಞಾನಕ್ಕಾಗಿ ಒಬ್ಬನ ನಾಲಿಗೆಯನ್ನೇ ಸೀಳಿಬಿಟ್ಟೆ!

"ಅರೇ ಗುರು, ಪಾನ್ ಹೈ, ಪಾನ್!" ಪಾಂಡೆ ಬಿದ್ದು ಬಿದ್ದು ನಕ್ಕ. ನಗುವಾಗ ನನ್ನ ಬಿಳಿ ಅಂಗಿಗೂ ಸ್ವಲ್ಪ ಸಾಕ್ಷ್ಯ ಸಿಡಿಯಿತು.

"ಉಗಿದು ಬಾ, ಮತ್ತೆ ಅಳೆಯುತ್ತೇನೆ" ಎಂದರೆ ಅವನಿಗೆ ನಿಜಕ್ಕೂ ಬೇಸರವಾಯಿತು. ಬೆಳಗಿನ ಮೊದಲ ಪಾನನ್ನು ಒಂದು ಯಂತ್ರಕ್ಕಾಗಿ ಉಗಿಯುವುದೇ? ಹಾಸ್ಟೆಲ್ಲಿನ ಆ ಸಾಲು ಪೂರ್ತಿ ಹುಡುಕಿದೆ. ಬರಿಬಾಯಿ ಒಂದೂ ಸಿಗಲಿಲ್ಲ. ಬನಾರಸಿನಲ್ಲಿ ಬಾಯಿ ಎಂಬುದು ಖಾಲಿ ಇರುವ ವಸ್ತುವೇ ಅಲ್ಲ!

ಆಗ ಹೊಳೆದದ್ದು ಶಿವಾಲದ ಮಠ. ಕೇದಾರ ಘಾಟಿನ ಹತ್ತಿರದ ಆ ಕೇರಿಯಲ್ಲಿ ನಮ್ಮ ಕಡೆಯ ಮಠವೊಂದಿದೆ. ಭಾನುವಾರ ಸಾರು-ಅನ್ನದ ಆಸೆಗೆ ನಾನು ತಪ್ಪದೆ ಹೋಗುವ ಜಾಗ. ಕಡೆಗಾಲವನ್ನು ಕಾಶಿಯಲ್ಲೇ ಕಳೆಯಬೇಕೆಂದು ಹಳ್ಳಿಗಳಿಂದ ಬಂದ ಅಜ್ಜಿಯರು, ಒಂದಿಬ್ಬರು ನಿವೃತ್ತರು ಅಲ್ಲಿ ಇದ್ದಾರೆ. ಪಾನ್ ಇಲ್ಲ, ಹೊರಗಿನ ಚಹಾ ಇಲ್ಲ, ಎದ್ದಾಗಿನಿಂದ ಮಲಗುವವರೆಗೆ ಎಲ್ಲಕ್ಕೂ ನಿಯಮ. ವಿಜ್ಞಾನಕ್ಕೆ ಇದಕ್ಕಿಂತ ಶಿಸ್ತಿನ ಬಾಯಿಗಳು ಬೇಕೆ!

ಅಜ್ಜಿಯರ ಪೈಕಿ ಯಜಮಾನಿಕೆ ಹಾಸನದ ಕಡೆಯ ಸುಬ್ಬಮ್ಮಜ್ಜಿಯದು. ನಾನು ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಂತೆ ಆಕೆ ಮೂಗು ಅರಳಿಸಿದರು.

"ಇದೇನೋ ಶೀನು ವಾಸನೆ? ಮಠದೊಳಗೆ ಹೆಂಡ ತಂದಿದ್ದೀಯಾ?"

"ಸ್ಪಿರಿಟ್ ಅಜ್ಜಿ. ಶುದ್ಧಿ ಮಾಡೋದಕ್ಕೆ."

"ಹೆಂಡದಲ್ಲಿ ಶುದ್ಧಿ! ನಿಂಗೆ ಯಾರಪ್ಪಾ ಪಾಠ ಹೇಳಿದ್ದು?"

ಕೊನೆಗೆ ಅಡುಗೆಮನೆಯಲ್ಲಿ ನೀರು ಕುದಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಮೂತಿಯನ್ನು ಕುದಿಸಿಯೇ ಹಾಕುವುದೆಂದು ಒಪ್ಪಂದವಾಯಿತು. ಮೂತಿ ಬೆಳ್ಳಿಯದೆಂದು ತಿಳಿದ ಮೇಲೆ ಆಕ್ಷೇಪಣೆಯ ಧಾಟಿ ತುಸು ಇಳಿಯಿತು. ಬೆಳ್ಳಿಯಾದರೆ ಮಡಿಗೆ ಅಡ್ಡಿಯಿಲ್ಲವಂತೆ.

ಪ್ರತಿಯೊಬ್ಬರಿಗೂ ಒಂದು ಸಲ ಅಳೆಯುವುದು, ಹತ್ತು ನಿಮಿಷ ಸುಮ್ಮನೆ ಕೂರಿಸಿ ಇನ್ನೊಮ್ಮೆ ಅಳೆಯುವುದು, ಇದು ನನ್ನ ಕ್ರಮ. ಮೊದಲ ಸುತ್ತಿನಲ್ಲಿ ಎಲ್ಲರದೂ ನಲವತ್ತರ ಆಸುಪಾಸು. ಎರಡನೆಯ ಸುತ್ತಿನಲ್ಲಿ ಎಲ್ಲರದೂ ತೊಂಬತ್ತು! ನಾನು ಬೆಚ್ಚಿದೆ. ಸೆಲ್ಲು ಬದಲಿಸಿದೆ, ವೈರು ಅಲುಗಿಸಿದೆ, ಪೆಟ್ಟಿಗೆಗೆ ಎರಡು ಏಟೂ ಕೊಟ್ಟೆ. ಮತ್ತೆ ತೊಂಬತ್ತು. ಹತ್ತು ನಿಮಿಷದಲ್ಲಿ ಇಡೀ ಮಠದ ಬಾಯಲ್ಲಿ ಗಂಗೆ ಉಕ್ಕಿದ್ದು ಹೇಗೆ?

ಉಕ್ಕಿದ್ದು ಅಂಗಳದ ನಲ್ಲಿಯಿಂದ. ನಾನು ವಾಚು ನೋಡುತ್ತ, ಡೈರಿಯಲ್ಲಿ ಗೆರೆ ಎಳೆಯುತ್ತ ಕೂತಿದ್ದಾಗ ಅಜ್ಜಿಯರು ಒಬ್ಬೊಬ್ಬರಾಗಿ ಎದ್ದು ಹೋಗಿ, ಹನ್ನೆರಡು ಸಲ ಬಾಯಿ ಮುಕ್ಕಳಿಸಿ, ಮೇಲೊಂದು ಉದ್ಧರಣೆ ತೀರ್ಥ ಕುಡಿದು ಬಂದು ಕೂರುತ್ತಿದ್ದರು.

"ಯಾಕಜ್ಜಿ ಹೀಗೆ ಮಾಡಿದಿರಿ?" ಎಂದೆ, ಅಳು ಬರುವಂತಾಗಿ.

"ಬಾಯಿಗೆ ಕಡ್ಡಿ ಇಟ್ಟಮೇಲೆ ಎಂಜಲಾಗ್ಲಿಲ್ವೇನೋ? ಎಂಜಲು ಬಾಯಲ್ಲಿ ಹತ್ತು ನಿಮಿಷ ಕೂತ್ಕೋ ಅಂತೀಯಲ್ಲ, ನಿಮ್ಮಮ್ಮ ಏನೂ ಕಲಿಸ್ಲಿಲ್ವಾ?"

ಇದು ನನಗೆ ಗೊತ್ತಿಲ್ಲದ ವಿಷಯವೇ? ಎಂಜಲು ಮಾಡಿಕೊಂಡು ಅಮ್ಮನ ಕೈಯಲ್ಲಿ ಬೈಸಿಕೊಂಡೇ ಬೆಳೆದವನು ನಾನು. ವಿಜ್ಞಾನದ ಕೋಟು ಹಾಕಿಕೊಂಡ ಕೂಡಲೇ ಅದೆಲ್ಲ ಮರೆತುಹೋಗಿತ್ತು. ಧಾರವಾಡದ ಭಾಗಕ್ಕ ಎನ್ನುವವರು ನನ್ನ ಮುಖ ನೋಡಿ ಕರಗಿದರು. "ಹೋಗ್ಲಿ ಬಿಡ್ರಿ ಸುಬ್ಬಮ್ಮಾರ. ಹುಡುಗನ ಪರೀಕ್ಷಾ ಅದ. ಎರಡೂ ಸಲ ಮುಗದ ಮ್ಯಾಲೆ ಒಮ್ಮೆಲೆ ಮುಕ್ಕಳಿಸೋಣಂತ." ಆಕೆಯ ಒಂದು ಮಾತಿಗೆ ಇಡೀ ಪ್ರಯೋಗ ಬದುಕಿತು.

ಮರುದಿನ ಅಳೆದರೆ ಏನು ಹೇಳಲಿ! ಭಾಗಕ್ಕನದು ನಲವತ್ತು, ಮತ್ತೆ ನಲವತ್ತು. ಸುಬ್ಬಮ್ಮಜ್ಜಿಯದು ಮೂವತ್ತೆಂಟು, ಮತ್ತೆ ಮೂವತ್ತೆಂಟು. ನಿವೃತ್ತ ಶಾಲಾ ಮಾಸ್ತರು ರಾಮಣ್ಣಯ್ಯನವರದು ನಲವತ್ತೈದು, ಆಮೇಲೆ ನಲವತ್ತಾರು. ಅಷ್ಟರಲ್ಲಿ ಮೂಲೆಯ ಕೋಣೆಯಿಂದ, "ನಂದೂ ಒಂಚೂರು ನೋಡಪ್ಪ" ಎಂಬ ಕ್ಷೀಣ ದನಿ ಬಂತು. ತಿಂಗಳುಗಳಿಂದ ಹಾಸಿಗೆ ಹಿಡಿದಿದ್ದ ಶೇಷಜ್ಜ. ಪಾಪ, ಅವರದನ್ನೂ ಎರಡು ಸಲ ಅಳೆದೆ. ಹನ್ನೊಂದು. ಮತ್ತೆ ಹನ್ನೊಂದು. "ಎಷ್ಟು?" ಎಂದು ಬಾಗಿಲಲ್ಲಿ ನಿಂತವರು ಕೇಳಿದರು. "ಹನ್ನೊಂದು, ಎಲ್ಲರಿಗಿಂತ ಕಡಿಮೆ" ಎಂದು ನಾನು ಜೋರಾಗಿಯೇ ಹೇಳಿದೆ. ವಿಜ್ಞಾನದಲ್ಲಿ ಗುಟ್ಟು ಯಾಕೆ!

ತ್ರಿಪಾಠಿ ಸರ್ ಅಂಕಪಟ್ಟಿ ನೋಡಿ ಬೆನ್ನು ತಟ್ಟಿದರು. "ಇನ್ನೊಂದು ವಾರ ಬಿಟ್ಟು ಇದೇ ಬಾಯಿಗಳನ್ನು ಅಳೆ. ಆಗಲೂ ಹೀಗೇ ಬಂದರೆ ಮುಗಿಯಿತು."

ಆ ವಾರದ ನಡುವೆ ಶೇಷಜ್ಜ ತೀರಿಕೊಂಡರು. ನಿದ್ದೆಯಲ್ಲೇ, ಬಾಯಿಗೆ ಗಂಗೆ-ತುಳಸಿ ಬಿದ್ದು, ಅವರು ಬಯಸಿದ ಹಾಗೇ. ಹರಿಶ್ಚಂದ್ರ ಘಾಟಿನವರೆಗೆ ನಾನೂ ಹೆಗಲು ಕೊಟ್ಟೆ. ಸಂಜೆ ಡೈರಿಯಲ್ಲಿ ಒಂದು ಸಾಲು ಬರೆದು, ಅವರ ಹೆಸರಿನ ಮುಂದೆ "ಎರಡನೆಯ ವಾರದ ಅಳತೆಗೆ ಲಭ್ಯರಿಲ್ಲ" ಎಂದು ಗುರುತು ಹಾಕಿದೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಯೋಚಿಸಬೇಕಾಗಿತ್ತು!

ವಾರ ಕಳೆದು ಪೆಟ್ಟಿಗೆ ಹಿಡಿದು ಹೋದರೆ ಅಂಗಳದಲ್ಲಿ ವಿಚಿತ್ರ ನೋಟ. ಅಜ್ಜಿಯರೆಲ್ಲ ಬಿಸಿಲಿಗೆ ಮುಖಮಾಡಿ, ಬೇಸಿಗೆಯ ಕಾಗೆಗಳಂತೆ ಬಾಯಿ ತೆರೆದು ಕುಳಿತಿದ್ದರು. ಒಬ್ಬರೂ ಮಾತಾಡುತ್ತಿಲ್ಲ. ಸುಬ್ಬಮ್ಮಜ್ಜಿಯವರು ಮಾತಾಡದೆ ಇದ್ದದ್ದನ್ನು ನಾನು ಅಂದೇ ಮೊದಲು ಕಂಡದ್ದು. ಪ್ರಾಣಾಯಾಮದಲ್ಲಿ ಹೊಸದೇನೋ ಕಲಿತಿದ್ದಾರೆ ಎಂದುಕೊಂಡೆ. ಡೈರಿಯಲ್ಲಿ ಹಾಗೇ ಬರೆದೂಬಿಟ್ಟೆ: "ಪ್ರಾಣಾಯಾಮ ನಡೆದಿತ್ತು. ಶಿಸ್ತು ಮೆಚ್ಚತಕ್ಕದ್ದು."

ಮೊದಲು ಭಾಗಕ್ಕ. ಸೂಜಿ ಅಲುಗಾಡಿ ಒಂಬತ್ತಕ್ಕೆ ನಿಂತಿತು. ಒಂಬತ್ತು! ಹೋದ ವಾರ ನಲವತ್ತು!

"ಎಷ್ಟು ಬಂತು ತಮ್ಮಾ?"

"ಒಂಬತ್ತು ಭಾಗಕ್ಕಾ..."

ಆಕೆಯ ಮುಖ ಅರಳಿದ ಪರಿಯನ್ನು ನಾನು ಮರೆಯಲಾರೆ. ಮೆಟ್ರಿಕ್‌ನಲ್ಲಿ ಮೊದಲ ಸ್ಥಾನ ಬಂದ ಹುಡುಗಿಯಂತೆ ಆಕೆ ಸುತ್ತಲೂ ನೋಡಿದರು. ಸುಬ್ಬಮ್ಮಜ್ಜಿಯದು ಹದಿನಾಲ್ಕು ಬಂತು.

"ಹದಿನಾಲ್ಕಾ? ಸರಿಯಾಗಿ ನೋಡೋ! ಅವಳು ಬಂದು ಇನ್ನೂ ಎರಡು ವರ್ಷ ಆಗಿಲ್ಲ. ನಾನು ಎಷ್ಟು ವರ್ಷದಿಂದ ಇಲ್ಲಿ ಕಾದು ಕೂತಿದ್ದೀನಿ. ನನಗಿಂತ ಮೊದಲು ಅವಳದ್ದು ಹೇಗೆ ಬರುತ್ತೆ?"

ಏನು ಬರುತ್ತದೆ, ಎಲ್ಲಿಗೆ ಬರುತ್ತದೆ ಎಂದು ನಾನು ಕೇಳಬಹುದಾಗಿತ್ತು. ಆದರೆ ಕೇಳಿದರೆ ಮಾಪನದ ಹೊತ್ತಿನಲ್ಲಿ ಅನವಶ್ಯಕ ಸಂಭಾಷಣೆಯಾಗುತ್ತದೆಂದು ಸುಮ್ಮನಾದೆ. ಇನ್ನು ರಾಮಣ್ಣಯ್ಯ ಮಾಸ್ತರು. ಅವರು ತುಟಿ ಬಿಗಿಹಿಡಿದುಕೊಂಡೇ ಬಂದರು. ಬಾಯಿ ತೆರೆದದ್ದೇ ನಿಂಬೆ ಉಪ್ಪಿನಕಾಯಿಯ ವಾಸನೆ ಗಮ್ಮೆಂದು ಬಡಿಯಿತು. ಸೂಜಿ ತೊಂಬತ್ತೆಂಟು!

"ತೊಂಬತ್ತೆಂಟೇ? ಹಾಗಾದರೆ ಮೊಮ್ಮಗಳ ಮದುವೆಗೆ ಏನೂ ತೊಂದರೆಯಿಲ್ಲ" ಎಂದು ಮಾಸ್ತರು ನನ್ನ ಕೈ ಕುಲುಕಿ ಹೋದರು.

ಕೋಣೆಗೆ ಬಂದು ಎರಡೂ ವಾರದ ಅಂಕಗಳನ್ನು ಪಕ್ಕಪಕ್ಕ ಬರೆದು ನೋಡಿದೆ. ಒಂದಕ್ಕೂ ಇನ್ನೊಂದಕ್ಕೂ ದೂರದ ನಂಟಸ್ತಿಕೆಯೂ ಇಲ್ಲ. ನಾನು ಹೆದರಲಿಲ್ಲ. ಕಾರಣ ಕಂಡುಹಿಡಿಯುವುದೇ ನನ್ನ ಕೆಲಸವಲ್ಲವೇ? ಗಂಗೆಯ ಮೇಲಿನ ಗಾಳಿ, ಪಶ್ಚಿಮದ ಧೂಳು, ಸೆಲ್ಲುಗಳ ವೃದ್ಧಾಪ್ಯ, ಎಲ್ಲವನ್ನೂ ವಿಚಾರಣೆಗೊಳಪಡಿಸಿ, ಗಂಭೀರವಾದ ಭಾಷೆಯಲ್ಲಿ ತೀರ್ಪು ಬರೆದೆ: "ಸದರಿ ಯಂತ್ರವು ಒಂದು ವಾರದ ಅವಧಿಯಲ್ಲಿ ತನ್ನ ಮಾತನ್ನು ತಾನೇ ಅಲ್ಲಗಳೆದಿರುವುದರಿಂದ, ಅದು ನಂಬಿಕೆಗೆ ಯೋಗ್ಯವಲ್ಲವೆಂದು ತೀರ್ಮಾನಿಸಲಾಗಿದೆ." ಸೋಮವಾರ ಇದನ್ನು ತ್ರಿಪಾಠಿ ಸರ್ ಮತ್ತು ಆ ಎಂಜಿನಿಯರ್ ಗೆಳೆಯರ ಮುಂದೆ ಓದಬೇಕಾಗಿತ್ತು. ಯಂತ್ರ ಮಾಡಿದವರ ಎದುರಿಗೇ ಅದನ್ನು ಸುಳ್ಳುಗಾರ ಎನ್ನುವ ಧೈರ್ಯಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ತೀರ್ಪು ಬರೆಯುವ ಗಡಿಬಿಡಿಯಲ್ಲಿ ಒಂದು ಭಾನುವಾರ ತಪ್ಪಿಹೋಗಿತ್ತು; ಮರು ಭಾನುವಾರ ಸಾರು-ಅನ್ನಕ್ಕೆ ಮಠಕ್ಕೆ ಹೋದೆ. ಯಂತ್ರವೂ ಚೀಲದಲ್ಲಿತ್ತು, ಮರುದಿನ ಒಪ್ಪಿಸುವ ಮುಂಚೆ ಅದನ್ನು ಕಣ್ಣಳತೆಯಿಂದಾಚೆ ಬಿಡಲು ಮನಸ್ಸಿರಲಿಲ್ಲ. ಬಾಗಿಲಲ್ಲೇ ಒಬ್ಬ ಎತ್ತರದ ಮನುಷ್ಯ ಟ್ರಂಕಿನ ಮೇಲೆ ಕುಳಿತಿದ್ದ. ದಪ್ಪ ಮೀಸೆ, ರೈಲಿನ ಮಸಿ ಮೆತ್ತಿದ ಧೋತರ.

"ನೀ ಏನು ಆ ಡಾಕ್ಟರ್ರು?" ಎಂದ.

"ಹೌದು" ಎಂದೆ, ಹೆಮ್ಮೆಯಿಂದಲೇ.

"ನಮ್ಮಕ್ಕಗ ಮುಹೂರ್ತ ಇಟ್ಟಾಂವ ನೀನ ಏನು?" ಆತ ಎದ್ದು ನಿಂತ. "ನಾ ಹಣಮಂತ. ಭಾಗಕ್ಕನ ತಮ್ಮ. 'ನನ್ನದು ಒಂಬತ್ತು ಬಂದದ, ಲಗೂನ ಬಾ' ಅಂತ ತಾರು ಬಂತು. ಶೇಂಗಾದ ರಾಶಿ ಹೊಲದಾಗ ಬಿಟ್ಟು ಬಂದೀನಿ. ರೈಲಿನಾಗ ಇಟಾರಸಿ ತನಕಾ ನಿಂತ ಬಂದೀನಿ! ಬಂದ ನೋಡಿದ್ರ ಅಕ್ಕ ಒಲಿ ಮುಂದ ಕೂತು ಭಕ್ರಿ ಬಡಿಲಿಕ್ಕತ್ತಾಳ!"

ನನಗೆ ತಲೆಬುಡ ತಿಳಿಯಲಿಲ್ಲ. "ಒಂಬತ್ತು ಅಂದರೆ ಬಾಯಿಯ ಒದ್ದೆ..." ಎಂದು ತೊದಲಿದೆ.

"ಒಂಬತ್ತು ಅಂದ್ರ ಒಂಬತ್ತು ದಿನ!" ಎಂದು ಗದರಿದ ಹಣಮಂತ. "ಆ ಶೇಷಜ್ಜಗ ಹನ್ನೊಂದು ಅಂತ ಅಂದಿ. ಹನ್ನೊಂದರೊಳಗ ಹೋದ. ಹೌದಲ್ಲೋ?"

ಒಂದೊಂದಾಗಿ ಎಲ್ಲ ಅರ್ಥವಾಗತೊಡಗಿತು. ಪ್ರಾಣ ಹೋಗುವಾಗ ಬಾಯಿ ಒಣಗುತ್ತದೆ, ಅದಕ್ಕೇ ಗಂಗೆ ಬಿಡುವುದು. ಇದು ಅಲ್ಲಿ ಎಲ್ಲರೂ ಕಣ್ಣಾರೆ ಕಂಡ ಸಂಗತಿ. ಎಷ್ಟು ಒಣಗಿದೆ ಎಂದು ಹೇಳುವ ಯಂತ್ರ ಬಂದರೆ ಅದು ಇನ್ನೇನು ಹೇಳೀತು? ಈ ಅಜ್ಜಿಯರು ಕಾಶಿಗೆ ಬಂದದ್ದೇ ಟಿಕೆಟ್ಟು ಮಾಡಿಸಿಕೊಂಡು. ವೇಟಿಂಗ್ ಲಿಸ್ಟಿನಲ್ಲಿ ತಮ್ಮ ನಂಬರು ಎಷ್ಟು ಅಂತ ತಿಳಿಸುವ ಪೆಟ್ಟಿಗೆಯನ್ನು ನಾನು ಮನೆಬಾಗಿಲಿಗೆ ಹೊತ್ತು ತಂದಿದ್ದೆ. ನಂಬರು ಮೇಲೆ ಬರಲೆಂದು ಅವರು ಬೆಳಗಿನಿಂದ ತೊಟ್ಟು ನೀರು ಮುಟ್ಟದೆ, ಒಣ ಅವಲಕ್ಕಿ ಜಗಿದು, ಬಿಸಿಲಲ್ಲಿ ಬಾಯಿ ತೆರೆದು ಕೂತಿದ್ದರು! ಟಿಕೆಟ್ಟು ರದ್ದಾಗಲೆಂದು ಮಾಸ್ತರು ಉಪ್ಪಿನಕಾಯಿ ಒತ್ತರಿಸಿಕೊಂಡಿದ್ದರು! ನಾನು ಅದಕ್ಕೆಲ್ಲ ಪ್ರಾಣಾಯಾಮ ಎಂದು ಬರೆದಿದ್ದೆ!

ಒಳಗಿಂದ ಭಾಗಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಬೈಬ್ಯಾಡೋ ಹಣಮಂತಾ. ತಮ್ಮಾ, ನೀ ಖರೇ ಹೇಳು. ಒಂಬತ್ತನೇ ದಿನ ಇವತ್ತ ಅದ. ನಾ ಕಂಬಳಿ ಕೊಟ್ಟೆ, ಸ್ಟೋವ್ ಕೊಟ್ಟೆ, ತಾಮ್ರದ ಚರಿಗಿ ಸುಬ್ಬಮ್ಮಗ ಕೊಟ್ಟೆ. ಎಷ್ಟೊತ್ತಿಗೆ ಅಂತ ಹೇಳಿದ್ರ ಸ್ನಾನಾ ಮಾಡಿ ತಯಾರಾಗ್ತೀನಿ."

ಆಕೆಯ ದನಿಯಲ್ಲಿ ಭಯವಿರಲಿಲ್ಲ. ರೈಲಿನ ಹೊತ್ತು ಕೇಳುವವರ ಹಾಗೆ ಕೇಳಿದರು. ಭಯವೆಲ್ಲ ನನ್ನ ಪಾಲಿಗೆ ಬಂದಿತ್ತು.

"ಭಾಗಕ್ಕಾ, ಇದು ಸುಳ್ಳು ಯಂತ್ರ!" ಎಂದು ಕೂಗಿದೆ. "ಇದಕ್ಕೆ ಏನೂ ಗೊತ್ತಿಲ್ಲ. ಇದು ಬಾಯಿಗೆ ಬಂದದ್ದು ಹೇಳುತ್ತೆ. ನಾನು ಬರೆದೂ ಇಟ್ಟಿದ್ದೇನೆ!"

ಅಷ್ಟರಲ್ಲಿ ಇಡೀ ಮಠ ಸುತ್ತ ನೆರೆದಿತ್ತು. "ಸುಳ್ಳಾದರೆ ಶೇಷಜ್ಜಂದು ಹೇಗೆ ಸರಿ ಹೇಳಿತು?" ಎಂದರು ಸುಬ್ಬಮ್ಮಜ್ಜಿ. ಚರಿಗೆ ಹಿಂದಿರುಗಿಸಬೇಕಾದೀತೆಂಬ ಚಿಂತೆಯೂ ಅದರಲ್ಲಿ ಸ್ವಲ್ಪ ಇದ್ದಿರಬಹುದು.

"ಖರೇನೋ ಸುಳ್ಳೋ ಈಗ ನೋಡೋಣ," ಎಂದ ಹಣಮಂತ. "ತಗೀ ಪೆಟಿಗಿ. ನಿನ್ನ ಬಾಯಾಗ ಇಟ್ಕೋ."

ಇದು ಒಳ್ಳೆಯ ಉಪಾಯವೆಂದೇ ನನಗೂ ತೋರಿತು. ಆರೋಗ್ಯವಂತ ತರುಣ, ಈಗಷ್ಟೇ ಹೊಟ್ಟೆತುಂಬ ನೀರು ಕುಡಿದು ಸೈಕಲ್ ತುಳಿದು ಬಂದವನು. ಐವತ್ತಕ್ಕೆ ಕಡಿಮೆ ಬರುವ ಮಾತೇ ಇಲ್ಲ. ಅಂಕ ನೋಡಿ ಎಲ್ಲರೂ ನಕ್ಕು ಊಟಕ್ಕೆ ಏಳಬಹುದು. ಹೊಸ ಮೂತಿ ಹಾಕಿ, ಎಲ್ಲರಿಗೂ ಕಾಣುವಂತೆ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, ಕಡ್ಡಿಯನ್ನು ನಾಲಿಗೆಗೆ ಇಟ್ಟುಕೊಂಡೆ. ಎದುರಿಗೆ ಹಣಮಂತ ಮೀಸೆಯ ಮೇಲೆ ಕೈಯಾಡಿಸುತ್ತ ನಿಂತಿದ್ದ.

ಸೂಜಿ ಎದ್ದಿತು. ಎದ್ದಂತೆ ಮಾಡಿತು. ಮೂರಕ್ಕೆ ಬಂದು ಕೂತಿತು.

ಮೂರು!

"ಏನೋ ತಪ್ಪಾಗಿದೆ" ಎಂದು ಮತ್ತೆ ಇಟ್ಟುಕೊಂಡೆ. ಮೂರು. ಸೆಲ್ಲು ಬದಲಿಸಿ ಇಟ್ಟುಕೊಂಡೆ. ಮೂರು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಕಡ್ಡಿ ತೆಗೆಯುವಾಗ ಸಣ್ಣಗೆ ಚಟ್ಟೆಂದಿತು.

ಮೊದಲು ಅತ್ತವರು ಭಾಗಕ್ಕ. "ಅಯ್ಯೋ ನನ್ನ ಕೂಸೇ! ಇನ್ನೂ ಲಗ್ನ ಆಗಿಲ್ಲಲ್ಲೋ!"

"ಊರಿಗೆ ತಂತಿ ಕೊಡ್ರೋ ಯಾರಾದ್ರೂ!" ಎಂದರು ಸುಬ್ಬಮ್ಮಜ್ಜಿ. ಮಾಸ್ತರು ಉಪ್ಪಿನಕಾಯಿ ಜಾಡಿ ಹಿಡಿದು ಓಡಿಬಂದರು. ಕೋಪದಲ್ಲಿ ಧಾರವಾಡದಿಂದ ಬಂದಿದ್ದ ಹಣಮಂತನ ಕಣ್ಣಲ್ಲೂ ನೀರಾಡಿತು. ಆತ ನನ್ನ ಹೆಗಲು ಹಿಡಿದು ಟ್ರಂಕಿನ ಮೇಲೆ ಕೂರಿಸಿ, "ತಪ್ಪ ಮಾತಾಡಿದೆ, ಮನಸಿಗೆ ಹಚ್ಕೋಬ್ಯಾಡಪಾ" ಎಂದ. ಮೂರು ದಿನದವನ ಮೇಲೆ ಎಂಥ ಸಿಟ್ಟು! ನಾನು ಏನೋ ಹೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ಸುಬ್ಬಮ್ಮಜ್ಜಿ ಭಾಗಕ್ಕನದೇ ಚರಿಗೆಯಿಂದ ಗಂಗೆ ಬಿಟ್ಟು, ಮೇಲೊಂದು ತುಳಸಿದಳ ಇಟ್ಟರು.

ಸೋಮವಾರ ನನ್ನ ತೀರ್ಪನ್ನು ಓದಲು ನಿಂತವನು ಓದಲಾಗದೆ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಎಂಜಿನಿಯರ್ ಗೆಳೆಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ತ್ರಿಪಾಠಿ ಸರ್ ಮಾತ್ರ ನಗಲಿಲ್ಲ.

"ಅವರು ಮುಕ್ಕಳಿಸಿದರು, ಯಂತ್ರ ಒದ್ದೆ ಎಂದಿತು. ಒಣಗಿಸಿಕೊಂಡರು, ಒಣಗಿದೆ ಎಂದಿತು. ಮಾಸ್ತರರ ಉಪ್ಪಿನಕಾಯಿಯನ್ನೂ ಬಿಡಲಿಲ್ಲ. ನೀನು ಹೆದರಿದೆ, ಬಾಯಿ ಒಣಗಿತು, ಮೂರು ಸಲವೂ ಅದನ್ನೇ ಹೇಳಿತು. ಇಷ್ಟು ನಂಬಿಕಸ್ಥ ಯಂತ್ರವನ್ನು ನಾನು ಕಂಡಿಲ್ಲ. ಇಲ್ಲಿ ನಂಬಲಾಗದ ಉಪಕರಣ ಒಂದೇ ಒಂದು." ಅವರು ನನ್ನ ಕಡೆ ಬೆರಳು ತೋರಿಸಿದರು. "ಅದನ್ನು ಇನ್ನೊಂದು ವರ್ಷ ರಿಪೇರಿಗೆ ಇಟ್ಟುಕೊಳ್ಳುತ್ತೇನೆ."

ಹೀಗೆ ನಾನು ಕಾಶಿಯಲ್ಲೇ ಉಳಿದೆ. ಭಾಗಕ್ಕನಿಗೆ ಕಂಬಳಿ, ಚರಿಗೆ ವಾಪಸು ಬಂದವು. ಸ್ಟೋವು ಬರಲಿಲ್ಲ. ಆ ಸ್ಟೋವಿನ ವಿಷಯದಲ್ಲಿ ಆಕೆ ಈಗಲೂ ನನ್ನನ್ನೇ ಒಂದು ಥರ ನೋಡುತ್ತಾರೆ. ಸುಬ್ಬಮ್ಮಜ್ಜಿ ತಂತಿ ಕೊಡಿಸಿದ್ದು ನಿಜವೆಂದು ಅಪ್ಪನ ಕಾಗದದಿಂದ ತಿಳಿಯಿತು. ಜಾತಕವನ್ನು ಹೆಣ್ಣಿನ ಮನೆಯವರು ಬಂದು ತೆಗೆದುಕೊಂಡು ಹೋದರಂತೆ.

ಈಗಲೂ ಭಾನುವಾರ ಮಠಕ್ಕೆ ಹೋದರೆ ಸುಬ್ಬಮ್ಮಜ್ಜಿ ಅನ್ನಕ್ಕೆ ಮೊದಲು ಒಂದು ಉದ್ಧರಣೆ ತೀರ್ಥ ಕೊಟ್ಟು, ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಇನ್ನೂ ಇದ್ದೀಯಲ್ಲೋ!" ಎನ್ನುತ್ತಾರೆ. ಅದರಲ್ಲಿ ಸಂತೋಷವೆಷ್ಟು, ಯಂತ್ರದ ಮೇಲಿನ ಅಸಮಾಧಾನವೆಷ್ಟು, ನಾನು ಅಳೆಯಲು ಹೋಗಿಲ್ಲ. ಹೋದ ವಾರ ಕೋಣೆಗೆ ಹಿಂದಿರುಗಿ ಎಂದಿನಂತೆ ಡೈರಿ ತೆರೆದು ಬರೆದೆ: "ಭಾನುವಾರ. ಇದ್ದೇನೆ."